ಹಿಂದಿನ ಎಡಗಡೆ ಬಾಗಿಲು

ಕಾರಿನ ಮೇಲೆ ನನ್ನದೇನೂ ದೂರಿಲ್ಲ, ಇವತ್ತಿಗೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ. ಸಿಟ್ಟಿರೋದು ಅದನ್ನು ಮಾರಿದ ಜಯಸಿಂಹ ಅವರ ಮೇಲೆ. ವಿದ್ಯಾರಣ್ಯಪುರದ ಅವರ ಮನೆ ಮುಂದೆ ಕೀ ಕೊಟ್ಟ ಮೇಲೆ, ಹಿಂದಿನ ಎಡಗಡೆ ಬಾಗಿಲು ತೆಗೆದು ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತರು. ಆಮೇಲೆ ಮೆಲ್ಲಗೆ ಹಾಕಿ, "ಹುಷಾರಾಗಿ ಹೋಗ್ಬಾ" ಅಂದರು. ಅಲ್ಲಿವರೆಗೂ ನನಗೆ ಬನ್ನಿ, ಹೋಗಿ ಅಂತಲೇ ಮಾತಾಡಿದ್ದ ಮನುಷ್ಯ.

ಮಧ್ಯಾಹ್ನದ ಉರಿಬಿಸಿಲು, ಎಸಿ ಹಾಕಿರಲಿಲ್ಲ. ಯಲಹಂಕ ದಾಟುವಾಗ ಆ ಬಾಗಿಲಿನ ಗಾಜಿಗೆ ಮಾತ್ರ ಒಳಗಿನಿಂದ ಹಬೆ ಕಟ್ಟಿತ್ತು, ಯಾರೋ ಹತ್ತಿರ ಕೂತು ಉಸಿರು ಬಿಟ್ಟ ಹಾಗೆ. ನಿಲ್ಲಿಸಿ ಒರೆಸಿದೆ, ಗಾಜು ತಣ್ಣಗೆ ಕೊರೀತಿತ್ತು. ಬಾಗಲೂರು ಮುಟ್ಟುವಷ್ಟರಲ್ಲಿ ಮತ್ತೆ ಕಟ್ಟಿತು.

ಮನೆ ಮುಂದೆ ಅಮ್ಮ ಕಾರಿಗೆ ಕುಂಕುಮ ಹಚ್ಚಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣಿಟ್ಟಳು. ನಾನು ಹತ್ತಿಸಿದೆ. ಮೂರು ಅಪ್ಪಚ್ಚಿಯಾದವು. ಹಿಂದಿನ ಎಡಚಕ್ರದ್ದು ಗುಂಡಗೇ ಇತ್ತು. ಇನ್ನೊಂದು ಸಲ ಹತ್ತಿಸಿದರೂ ಹಾಗೇ.

ಜಯಸಿಂಹ ಅವರಿಗೆ ಫೋನ್ ಮಾಡಿ ರೇಗಿದೆ, "ಏನ್ ಸಾರ್ ಇದು?"

ಅವರು ಕೇಳಿದ್ದು ಒಂದೇ, "ಮನೆಯೊಳಗೆ ಕರೆದ್ರಾ?"

ಯಾರನ್ನ ಅಂತ ನಾನು ಕೇಳುವಷ್ಟರಲ್ಲಿ ಅಮ್ಮ ಆ ಬಾಗಿಲು ತೆಗೆದಾಗಿತ್ತು. ಖಾಲಿ ಸೀಟಿನ ಕಡೆ ಬಗ್ಗಿ, ನೆಂಟರಿಗೆ ಹೇಳೋ ಹಾಗೆ ನಗುತ್ತಾ, "ಬಿಸ್ಲಲ್ಲಿ ಯಾಕವ್ವ ಕುಂತಿದ್ದೀಯ, ಒಳಕ್ ಬಾ" ಅಂದಳು.

ಕಾರಿನ ಗಾಜಿಗೆ ಆಮೇಲೆ ಹಬೆ ಕಟ್ಟಿಲ್ಲ. ಅಮ್ಮ ಈಗ ದಿನಾ ಬೆಳಿಗ್ಗೆ ಒರೆಸೋದು ನಮ್ಮ ನಡುಮನೆ ಕಿಟಕಿಯನ್ನ, ಒಳಗಿನಿಂದ.