ಹತ್ತೊಂಬತ್ತು ಕಿಲೋ ಹಿಡಿತ

ಉಪ್ಪಿನಕಾಯಿ ಬಾಟಲಿಯ ಮುಚ್ಚಳವನ್ನು ಗುರುಸಿದ್ದಪ್ಪ ಮೂರು ಸಲ ತಿರುವಿ ಸೋತಿದ್ದ. ನಾಲ್ಕನೆಯ ಸಲಕ್ಕೆ ಮೊದಲೇ ಹೆಂಡತಿ ಸಾವಿತ್ರಿಬಾಯಿ ಅದನ್ನು ಅವನ ಕೈಯಿಂದ ತೆಗೆದುಕೊಂಡು, ಎದುರಿಗೆ ಊಟಕ್ಕೆ ಕೂತಿದ್ದ ಅವನ ಗೆಳೆಯನ ಮುಂದೆ ಹಿಡಿದಳು.

"ಅಮೃತಪ್ಪಣ್ಣಾರ, ಇದನ್ನೊಂದೀಟು ತಗದು ಕೊಡ್ರಿ. ಇವರ ಕೈಯಾಗ ಈಗ ಟೀವಿ ರಿಮೋಟ್ ಅಷ್ಟ ನಿಲ್ಲತೈತಿ."

ಅಮೃತಪ್ಪ ಮಾತು ನಿಲ್ಲಿಸದೆ, ಮುಚ್ಚಳದ ಕಡೆ ನೋಡದೆ, ತೆಗೆದುಕೊಟ್ಟ. ಗುರುಸಿದ್ದಪ್ಪನನ್ನು ಚುಚ್ಚಿದ್ದು ಹೆಂಡತಿಯ ಮಾತಲ್ಲ. ಗೆಳೆಯ ನೋಡದೇ ತೆಗೆದದ್ದು.

ಬಾಲಾನಗರದ ಕಾರ್ಖಾನೆಯೊಂದರಲ್ಲಿ ಅವನು ಮೂವತ್ನಾಲ್ಕು ವರ್ಷ ಫಿಟ್ಟರ್ ಆಗಿದ್ದ. ಯಾವ ಪಾನಾಕ್ಕೂ ಬಗ್ಗದ ನಟ್ಟು ಸಿಕ್ಕರೆ ಅವನನ್ನು ಕರೆಯುತ್ತಿದ್ದರು. ಅಮೃತಪ್ಪನಾದರೋ ಜೀವಮಾನವಿಡೀ ಅಂಗಡಿಯಲ್ಲಿ ಬಟ್ಟೆ ಅಳೆದವನು, ಮೇಲಾಗಿ ಎರಡು ವರ್ಷ ಹಿರಿಯ. ಗುರುಸಿದ್ದಪ್ಪನಿಗೆ ತನ್ನ ಕೈ ವಾಪಸು ಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಅದು ಎಲ್ಲಿ ಸಿಗುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ತಾರ್ನಾಕದ ಒಂದು ಸಂಶೋಧನಾ ಕೇಂದ್ರದಲ್ಲಿ ದಾಳಿಂಬೆ ಸತ್ವದ ಗುಳಿಗೆಯ ಪರೀಕ್ಷೆ ನಡೆದಿತ್ತು. ವಯಸ್ಸಾದಂತೆ ಕರಗುವ ಸ್ನಾಯುಗಳಿಗೆ ಅದರಿಂದ ಬಲ ಬರುತ್ತದೆಯೇ ಎಂದು ತಿಳಿಯಲು ಅರವತ್ತೈದು ದಾಟಿದವರನ್ನು ಸೇರಿಸಿಕೊಂಡಿದ್ದರು. ಗೆಳೆಯರಿಬ್ಬರೂ ಹೆಸರು ಕೊಟ್ಟಿದ್ದರು. ಹೋದಾಗೆಲ್ಲ ರಕ್ತ, ಮೂತ್ರ ತೆಗೆದುಕೊಂಡು ಕೈಹಿಡಿತ ಅಳೆಯುತ್ತಿದ್ದರು. ಅರ್ಧ ಜನಕ್ಕೆ ಅಸಲಿ ಗುಳಿಗೆ, ಇನ್ನರ್ಧ ಜನಕ್ಕೆ ಬಣ್ಣ, ಹುಳಿ ಬೆರೆಸಿದ ಬರೀ ಹಿಟ್ಟು. ಯಾರಿಗೆ ಯಾವುದು ಎಂಬುದು ಅದನ್ನು ಹಂಚುವ ಚಿನ್ಮಯಿಗೂ ಗೊತ್ತಿರಲಿಲ್ಲ. ಗುರುಸಿದ್ದಪ್ಪ ತನ್ನದೊಂದನ್ನು ಮುರಿದು ನೆಕ್ಕಿದ. ಅಮೃತಪ್ಪನದೊಂದನ್ನು ಬೇಡಿ ಅದನ್ನೂ ನೆಕ್ಕಿದ. ಎರಡೂ ಒಂದೇ ಕೆಂಪು, ಒಂದೇ ಹುಳಿ.

ಆದರೆ ಕೈಹಿಡಿತ ಅಳೆಯುವ ಯಂತ್ರ ಗುಟ್ಟು ಬಿಟ್ಟುಕೊಟ್ಟಿತು. ಎರಡು ತಿಂಗಳಲ್ಲಿ ಅಮೃತಪ್ಪ ಇಪ್ಪತ್ನಾಲ್ಕು ಕಿಲೋದಿಂದ ಇಪ್ಪತ್ತೇಳಕ್ಕೆ ಏರಿದ್ದ. ಗುರುಸಿದ್ದಪ್ಪನ ಮುಳ್ಳು ಹತ್ತೊಂಬತ್ತು ಬಿಟ್ಟು ಕದಲಿರಲಿಲ್ಲ. ಹಿಟ್ಟು ತಿನ್ನುತ್ತಿರುವವನು ಯಾರು ಎಂಬುದರಲ್ಲಿ ಇನ್ನು ಸಂಶಯವೇನು?

ಹದಿನೈದು ದಿನ ಬಿಡುವು. ಆಮೇಲೆ ಉಳಿದೆರಡು ತಿಂಗಳ ಗುಳಿಗೆ ಒಟ್ಟಿಗೇ ಕೊಡುತ್ತಾರೆ, ತಲೆಗೆ ನೂರಿಪ್ಪತ್ತು. ಅಂದರೆ ಒಂದೇ ಸಲ ಕದ್ದರೆ ಸಾಕು. ಡಬ್ಬಿಯನ್ನೇ ಬದಲಿಸಿದರೆ ಮೇಲಿನ ಹೆಸರು ಮಾತಾಡುತ್ತದೆ, ಹೆಸರಿನ ಚೀಟಿ ಕಿತ್ತರೆ ಅಂಟು ಮಾತಾಡುತ್ತದೆ. ಒಳಗಿನದನ್ನಷ್ಟೇ ಬದಲಿಸಬೇಕು. ಸೂಜಿ ಚುಚ್ಚುವ ಜಾಗಕ್ಕೆ ಹೋಗಿಬಂದರೆ ಅಮೃತಪ್ಪ ತಲೆಗೆ ನೀರು ಹಾಕಿಕೊಳ್ಳದೆ ಚಹಾ ಮುಟ್ಟುವವನಲ್ಲ. ಹನ್ನೆರಡು ನಿಮಿಷದ ಸ್ನಾನ. ಗುರುಸಿದ್ದಪ್ಪ ಹಿಂದೆ ಎರಡು ಸಲ ಗಡಿಯಾರ ನೋಡಿದ್ದ. ಡಬ್ಬಿಯಿರುವ ಕೈಚೀಲ ಹೊರಗೆ ಕುರ್ಚಿಯ ಮೇಲೆ. ಅಮೃತಪ್ಪನ ಹೆಂಡತಿ ಅಡುಗೆಮನೆಯಲ್ಲಿ.

ಉಳಿದದ್ದು ಒಂದೇ ತೊಡಕು. ಆ ಡಬ್ಬಿಯ ಮುಚ್ಚಳವನ್ನು ಒತ್ತಿ ತಿರುವಬೇಕು, ಮನೆಯಲ್ಲಿ ಅದನ್ನು ತೆರೆದುಕೊಡುವವಳು ಸಾವಿತ್ರಿಬಾಯಿ. ಕದಿಯಲಿಕ್ಕೂ ಹಿಡಿತ ಬೇಕಲ್ಲ ಎಂದು ಅವನು ಒಂದು ಸಂಜೆ ಪೂರ್ತಿ ಸುಮ್ಮನೆ ಕೂತ. ಮರುದಿನ ಹಳೆಯ ಸೈಕಲ್ ಟ್ಯೂಬಿನಿಂದ ಗೇಣುದ್ದದ ಪಟ್ಟಿ ಕತ್ತರಿಸಿ, ಮುಚ್ಚಳಕ್ಕೆ ಸುತ್ತಿ, ಅಂಗೈಯಿಂದ ಒತ್ತಿ ಎಳೆದ. ಮುಚ್ಚಳ ಬಂತು. ಮೂವತ್ನಾಲ್ಕು ವರ್ಷದ ಕಸುಬು ಎಲ್ಲಿ ಹೋದೀತು?

ಗುಳಿಗೆ ಕೊಟ್ಟ ದಿನ ಇಬ್ಬರೂ ಮೆಟ್ರೋದಲ್ಲಿ ಅಮೀರ್‌ಪೇಟೆಗೆ ಬಂದು ಇಳಿದರು. ಅಮೃತಪ್ಪನ ಮನೆಗೆ ಬಂದದ್ದೇ ಅವನು ಬಚ್ಚಲಿಗೆ ಹೋದ. ಅಡುಗೆಮನೆಯಲ್ಲಿ ಚಟ್ನಿಯ ಮಿಕ್ಸರ್ ಗರ್ಜಿಸಿತು. ಗುರುಸಿದ್ದಪ್ಪ ಗೆಳೆಯನ ಗುಳಿಗೆಗಳನ್ನು ತನ್ನ ಜೇಬಿನ ಪ್ಲಾಸ್ಟಿಕ್ ಚೀಲಕ್ಕೆ ಸುರಿದ, ತನ್ನವನ್ನು ಗೆಳೆಯನ ಡಬ್ಬಿಗೆ ಸುರಿದ, ಚೀಲದಲ್ಲಿದ್ದುದನ್ನು ತನ್ನ ಡಬ್ಬಿಗೆ ಇಳಿಸಿದ. ಏಳು ನಿಮಿಷ. ಒಂದು ಗುಳಿಗೆಯೂ ನೆಲಕ್ಕೆ ಬೀಳಲಿಲ್ಲ. ಅಮೃತಪ್ಪ ತಲೆ ಒರೆಸುತ್ತ ಬಂದಾಗ ಅವನು ಕಿಟಕಿಯ ಹೊರಗೆ ನೋಡುತ್ತಿದ್ದ, ಎದೆಯಲ್ಲಿ ತುಸು ಕನಿಕರವೂ ಇತ್ತು. ಪಾಪ, ಇನ್ನು ಇವನ ಕೈ ಸೋಲುತ್ತದೆ.

ಮುಂದಿನ ವಾರದಿಂದಲೇ ಗುರುಸಿದ್ದಪ್ಪನಿಗೆ ಬಲ ಬಂತು. ಮೆಟ್ರೋ ನಿಲ್ದಾಣದಲ್ಲಿ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದ. ತರಕಾರಿ ಚೀಲ ತಾನೇ ಹೊತ್ತ. ಸಾವಿತ್ರಿಬಾಯಿ ಎರಡು ದಿನ ನೋಡಿ, ಯಾಕೋ ಭಾಳ ಕುಣಿಯಾಕತ್ತೀರಿ ಅಂದಳು. ಅವನು ಇನ್ನೊಂದು ಚೀಲ ಎತ್ತಿಕೊಂಡ; ಗುಟ್ಟಿಗೂ ಒಂದು ರುಚಿ ಇರುತ್ತದೆ.

ಕೊನೆಯ ಅಳತೆಯ ದಿನ ಅವನು ಅಂಗಿಯ ತೋಳು ಮಡಚಿಕೊಂಡು, ಹಲ್ಲು ಕಚ್ಚಿ ಯಂತ್ರವನ್ನು ಹಿಂಡಿದ. ಹದಿನೆಂಟೂವರೆ. ಅಮೃತಪ್ಪ ಮೂವತ್ತೊಂದು. ಯಂತ್ರ ಕೆಟ್ಟಿದೆ ಎಂದು ಗುರುಸಿದ್ದಪ್ಪ ನಿರ್ಧರಿಸಿದ. ಫಿಟ್ಟರನಿಗೆ ಯಂತ್ರ ಕೆಡುವುದು ಹೊಸದೇನಲ್ಲ.

ಎರಡು ವಾರ ಕಳೆದು ಚಿನ್ಮಯಿ ಇಬ್ಬರನ್ನೂ ಕರೆಸಿದಳು. ರಾಯಚೂರಿನ ಹುಡುಗಿ, ಇಬ್ಬರಿಗೂ ಕಾಕಾ ಅನ್ನುತ್ತಿದ್ದಳು. ಪರೀಕ್ಷೆಯ ಗುಟ್ಟು ಈಗ ಒಡೆದಿದ್ದಾರೆ, ಎಲ್ಲರ ಲೆಕ್ಕ ಸರಿ ಬಂದಿದೆ, ನಿಮ್ಮಿಬ್ಬರದೇ ತಿಳಿಯುತ್ತಿಲ್ಲ ಎಂದು ಮೆಲ್ಲಗೆ ಹೇಳಿದಳು. "ಯಾರಿಗೂ ಮೋಸ ಆಗಬಾರದಂತ, ಬಿಡುವಿನ ನಂತರ ಎಲ್ಲಾರದೂ ಬದಲಿ ಮಾಡಿರ್ತಾರ್ರಿ ಕಾಕಾ. ಮೊದಲ ಹಿಟ್ಟು ತಿಂದವರಿಗೆ ಆಮ್ಯಾಲ ದಾಳಿಂಬಿ, ದಾಳಿಂಬಿ ತಿಂದವರಿಗೆ ಹಿಟ್ಟು. ಆದ್ರ ಗುರುಸಿದ್ದಪ್ಪ ಕಾಕಾ, ನಿಮ್ಮ ಮೂತ್ರದಾಗ ಎರಡೂ ಸಲ ದಾಳಿಂಬಿ ಸುಳಿವಿಲ್ಲ, ಇವರದರಾಗ ಎರಡೂ ಸಲ ಐತಿ." ಅಮೃತಪ್ಪ ಗೆಳೆಯನ ಕಡೆ ತಿರುಗಿ, ಸಿಟ್ಟಿಲ್ಲದೆ, "ಗುರು, ನಾ ಜಳಕಕ್ಕ ಹ್ವಾದಾಗ ನೀ ಏನ್ ಮಾಡ್ತಿದ್ದಿ?" ಎಂದು ಕೇಳಿದ. ಗುರುಸಿದ್ದಪ್ಪ ತನ್ನ ಎರಡು ಕೈಗಳನ್ನು ನೋಡಿಕೊಂಡ. ಆ ದಿನ ಅವನ ಡಬ್ಬಿಯಲ್ಲಿ ಅವನ ಪಾಲಿನ ಅಸಲಿ ದಾಳಿಂಬೆಯೇ ಬಂದಿತ್ತು.