ರಾಳ ಮೆತ್ತಿದ ಹಗ್ಗ

"ಹಗ್ಗ ಕೊಯ್ದಿದ್ದಾರೆ! ನನ್ನ ಹಗ್ಗ ಕೊಯ್ದಿದ್ದಾರೆ!"

ಮರಳಿನ ಮೇಲೆ ಅಂಗಾತ ಬಿದ್ದು ಕ್ಲೀಟಸ್ ಹಾರ್ಗ್ರೋವ್ ಕೂಗಿಕೊಂಡ. ಒಕ್ಲಹೋಮಾದ ಡ್ರೈ ಫೋರ್ಕ್ ಅಖಾಡದಲ್ಲಿ ನಾಲ್ಕು ಸಾವಿರ ಜನ ಎದ್ದು ನಿಂತರು. ಗೂಳಿಯನ್ನು ಒಳಗಟ್ಟಿ, ಅದರ ಎದೆಗೆ ಸುತ್ತಿ ಸವಾರ ಒಂದೇ ಕೈಲಿ ಹಿಡಿಯುವ ಆ ಹಗ್ಗವನ್ನು ಎತ್ತಿ ತಂದರು. ನಿಜ, ಎರಡು ತುಂಡು! ಅರ್ಧ ಚಾಕುವಿನಿಂದ ಕೊಯ್ದದ್ದು, ಇನ್ನರ್ಧ ಹರಿದದ್ದು.

ನಾನು ಆರ್ವಿಲ್ ಮೀಕ್ಸ್. ಹತ್ತೊಂಬತ್ತು ವರ್ಷದಿಂದ ಈ ಗೂಳಿ ಸವಾರರ ಮೂಳೆಗಳಿಗೆ ಪಟ್ಟಿ ಸುತ್ತುತ್ತಿದ್ದೇನೆ. ಎಂಟು ಸೆಕೆಂಡು ಗೂಳಿಯ ಬೆನ್ನ ಮೇಲೆ ಕೂರಲು ಎಂಟು ತಿಂಗಳು ಹಾಸಿಗೆ ಹಿಡಿಯುವ ಶೂರರು! ಇವರಿಗೆ ಬುದ್ಧಿ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕೋಣವಾದರೂ ಒಮ್ಮೆ ತಲೆಯಾಡಿಸೀತು. ಬಾಗಿಲು ತೆರೆದು ಗೂಳಿ ಚಿಮ್ಮಿದಾಗ ನನ್ನ ಮೈಯೂ ಜುಮ್ಮೆನ್ನುತ್ತದೆ. ಅದಕ್ಕೇ ನನ್ನ ಮೇಲೆ ನನಗೂ ಅಷ್ಟೇನೂ ಗೌರವವಿಲ್ಲ.

ಕ್ಲೀಟಸ್‌ನನ್ನು ನನ್ನ ಕೋಣೆಗೆ ಹೊತ್ತು ತಂದರು. ಹೆಗಲ ಮುಂದಿನ ಎಲುಬು ಮುರಿದಿತ್ತು. ಮೂರು ಪಕ್ಕೆಲುಬು ಹೋಗಿದ್ದವು. ತಲೆಗೆ ಏನೂ ಆಗಿರಲಿಲ್ಲ. ಅಲ್ಲಿ ಆಗುವುದಕ್ಕೆ ಏನಾದರೂ ಇರಬೇಕಲ್ಲ!

ಅಷ್ಟರಲ್ಲಿ ಹೊರಗೆ ಅಪರಾಧಿಯೂ ಸಿಕ್ಕಿಬಿಟ್ಟಿದ್ದ. ಬ್ರೆಜಿಲ್‌ನಿಂದ ಬಂದ ಎಡಿವಾನ್, ಈ ವರ್ಷ ಕ್ಲೀಟಸ್‌ನ ಹಿಂದೆಯೇ ಎರಡನೇ ಸ್ಥಾನದಲ್ಲಿರುವವನು. ಮಧ್ಯಾಹ್ನ ಹನ್ನೆರಡಕ್ಕೆ ಅವನು ಕ್ಲೀಟಸ್‌ನ ಹಗ್ಗದ ಚೀಲದ ಹತ್ತಿರ ನಿಂತಿದ್ದನ್ನು ಮೂವರು ನೋಡಿದ್ದರು. ಜೇಬಿನಲ್ಲಿ ಚಾಕು ಇತ್ತು. ಈ ಊರಲ್ಲಿ ಚಾಕು ಇಲ್ಲದ ಜೇಬು ಯಾವುದಿದೆ? ನಮ್ಮಜ್ಜಿ ಚರ್ಚಿಗೂ ಚಾಕು ಒಯ್ಯುತ್ತಿದ್ದಳು. ಆದರೆ ಪರದೇಶಿಯ ಜೇಬಿನ ಚಾಕು ಯಾವಾಗಲೂ ಹೆಚ್ಚು ಹೊಳೆಯುತ್ತದೆ. ಸಂಘಟಕರ ಅಧ್ಯಕ್ಷ ಸಾರಿಬಿಟ್ಟ: ಆರು ಗಂಟೆಯ ಕೊನೆಯ ಸುತ್ತಿಗೆ ಮುಂಚೆ ಎಡಿವಾನ್‌ನ ಹೆಸರು ಶಾಶ್ವತವಾಗಿ ರದ್ದು. ಅಂದರೆ ವೀಸಾ ಹೋಯಿತು, ಅನ್ನ ಹೋಯಿತು, ವಿಮಾನ ಹತ್ತಬೇಕು.

ಆಗ ನಾಲ್ಕೂವರೆ. ನೇಡೀನ್ ಪರ್ವಿಸ್ ಬಂದಳು. ದನಗಳ್ಳರನ್ನು ಹಿಡಿಯುವ ರೇಂಜರ್, ಅರವತ್ತರ ಹೆಂಗಸು. ಬಾಯಲ್ಲಿ ಸದಾ ಸೂರ್ಯಕಾಂತಿ ಬೀಜ. ಮೊದಲು ಎಡಿವಾನ್‌ನನ್ನು ಕರೆದಳು.

"ಅವನ ಚೀಲದ ಹತ್ರ ಏನಪ್ಪಾ ಕೆಲಸ ನಿಂಗೆ?"

"ಹಗ್ಗಕ್ಕೆ ತಿಕ್ಕೋ ರಾಳ ಮುಗಿದಿತ್ತು, ರೇಂಜರಮ್ಮ. ಸ್ವಲ್ಪ ಕೇಳೋಣ ಅಂತ ಹೋದೆ. ಅವನಿರ್ಲಿಲ್ಲ, ವಾಪಸ್ ಬಂದೆ."

"ಚೀಲ ಮುಟ್ಟಿದ್ಯಾ?"

"ಇಲ್ಲ. ಇನ್ನೊಬ್ಬನ ಹಗ್ಗ ನಾವು ಮುಟ್ಟಲ್ಲ." ಅವನು ಹೊರಡಲು ತಿರುಗಿದ. "ಯಾರು ನಂಬ್ತಾರೆ, ಬಿಡಿ."

ಅವಳು ಹೊರಗೆ ಯಾರದೋ ಫೋನಿನಲ್ಲಿ ಕ್ಲೀಟಸ್ ಬಿದ್ದ ದೃಶ್ಯವನ್ನು ಮೂರು ಸಲ ನೋಡಿ, ಆ ಫೋನನ್ನೇ ಇಸಿದುಕೊಂಡು ಕ್ಲೀಟಸ್‌ನ ಬಳಿಗೆ ಬಂದಳು. ಹಗ್ಗದ ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇದಕ್ಕೆ ರಾಳ ತಿಕ್ಕಿದ್ದು ಯಾರು?"

"ನಾನೇ!" ಕ್ಲೀಟಸ್ ನರಳುತ್ತಲೇ ಗತ್ತು ತೋರಿಸಿದ. "ಹದಿನೇಳು ವರ್ಷದಿಂದ ನನ್ ಹಗ್ಗ ಇನ್ನೊಬ್ಬ ಮುಟ್ಟಿಲ್ಲ."

"ಎಷ್ಟು ಹೊತ್ತಿಗೆ?"

"ಎರಡು ಗಂಟೆಗೆ. ಬೇಲಿಗೆ ಕಟ್ಟಿ, ಗ್ಲೌಸ್ ಹಾಕ್ಕೊಂಡು, ಕಾಲು ಗಂಟೆ ತಿಕ್ಕಿದೀನಿ. ಮೀಕ್ಸ್ ನೋಡಿದಾನೆ, ಕೇಳಿ."

ನಾನು ಹೌದೆಂದೆ. ಕೈ ಜಾರದಿರಲೆಂದು, ರಾಳ ಬಿಸಿಯಾಗಿ ಅಂಟುವವರೆಗೆ ತುದಿಯಿಂದ ತುದಿಗೆ ತಿಕ್ಕುವುದೇ ಇವರ ಸಂಧ್ಯಾವಂದನೆ.

"ಆಮೇಲೆ?"

"ಹೆಗಲ ಮೇಲೆ ಹಾಕ್ಕೊಂಡೆ. ಅಲ್ಲಿಂದ ಸೀದಾ ಗೂಳಿ ಮೈಮೇಲೆ."

"ಹಾಗಾದ್ರೆ ಕೊಯ್ದಿದ್ದು ಎರಡು ಗಂಟೆಗೆ ಮುಂಚೆ ಅಂತೀಯ."

"ಅಷ್ಟೂ ಗೊತ್ತಾಗಲ್ವಾ? ಹನ್ನೆರಡಕ್ಕೇ ಕೊಯ್ದಿದಾನೆ ಆ ಬಡ್ಡಿಮಗ!"

"ನಾನೂ ಹಾಗೇ ಅಂದ್ಕೊಂಡೆ." ನೇಡೀನ್ ಸಿಪ್ಪೆ ಉಗಿದಳು. "ಮೀಕ್ಸ್, ಇಲ್ಲಿ ನೋಡು. ಹರಿದ ಎಳೆಗಳು ಹೇಗಿವೆ?"

"ಬೆಳ್ಳಗಿವೆ."

"ಕೊಯ್ದ ಎಳೆಗಳು?"

ಕಪ್ಪಗಿದ್ದವು. ಚಾಕುವಿನ ಗಾಯದ ಒಳಗೂ ರಾಳ ಮೆತ್ತಿತ್ತು. ತಿಕ್ಕಿ ತಿಕ್ಕಿ ಒಳಗಿಳಿಸಿದ ರಾಳ.

"ಗಾಯದ ಮೇಲೇ ರಾಳ ತಿಕ್ಕಿದಾನೆ ಅಂದ ಹಾಗಾಯ್ತು," ಎಂದಳು. "ಹಗ್ಗದಲ್ಲಿ ಒಂದು ಎಳೆ ಎದ್ದಿದ್ರೂ ಈ ಜನಕ್ಕೆ ಗೊತ್ತಾಗುತ್ತೆ. ಅರ್ಧ ಹಗ್ಗ ಬಾಯ್ ಬಿಟ್ಕೊಂಡಿದೆ, ಕಾಲು ಗಂಟೆ ಅದರ ಮೇಲೇ ಕೈ ಆಡಿದೆ — ಗೊತ್ತಾಗ್ಲಿಲ್ವಾ, ಕ್ಲೀಟಸ್?"

ಕ್ಲೀಟಸ್, "ಬೆರಳು ಜೋಮು ಹಿಡಿದಿತ್ತು," ಎಂದ ಮೆಲ್ಲಗೆ.

"ಕಣ್ಣೂ ಜೋಮು ಹಿಡಿದಿತ್ತಾ? ಮೀಕ್ಸ್, ಇವನು ಇವತ್ತು ತಲೆಗೆ ಏನು ಹಾಕ್ಕೊಂಡಿದ್ದ?"

ನನ್ನ ಹಣೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು. ಹೆಲ್ಮೆಟ್! ಹೆಲ್ಮೆಟ್ ಹಾಕುವವರನ್ನು ಹದಿನೇಳು ವರ್ಷ "ಮೊಟ್ಟೆಗಳು" ಎಂದು ಆಡಿಕೊಂಡವನು ಇವನು. ಇವತ್ತು ಇವನ ಗಲ್ಲದ ಪಟ್ಟಿ ಬಿಗಿದವನು ನಾನೇ. ಹೆಲ್ಮೆಟ್ ತಂದು ಅವಳ ಕೈಗಿಟ್ಟೆ. ಒಳಗೆ ಅಂಗಡಿಯ ಚೀಟಿಯೂ ಹಾಗೇ ಇತ್ತು, ಗುರುವಾರದ ತಾರೀಖು.

"ಗುರುವಾರ ಹೆಲ್ಮೆಟ್ ತಂದೆ ನೀನು. ಇವತ್ತು ಭಾನುವಾರ, ಹಗ್ಗ ಕೊಯ್ದೆ," ಎಂದಳು ನೇಡೀನ್. "ಬೀಳ್ತೀಯ ಅಂತ ನಿಂಗೆ ಮೊದಲೇ ಗೊತ್ತಿತ್ತು. ಯಾಕಪ್ಪಾ?"

ಕ್ಲೀಟಸ್ ಸೂರು ನೋಡಿದ. "ಹನ್ನೊಂದು ಗೂಳಿ, ರೇಂಜರಮ್ಮ. ಸಾಲಾಗಿ ಹನ್ನೊಂದು ಗೂಳಿ ನನ್ನ ಬೀಳಿಸಿದಾವೆ. ಮೊದಲನೇ ಸ್ಥಾನ ಉಳಿದಿರೋದು ವರ್ಷದ ಶುರುವಿನ ಅಂಕದಿಂದ ಅಷ್ಟೆ. ಈ ಕೈಲಿ ಷರ್ಟಿನ ಗುಂಡಿ ಹಾಕೋಕಾಗಲ್ಲ. 'ಮುದುಕನ ಕೈಲಾಗ್ಲಿಲ್ಲ, ಓಡಿಹೋದ' ಅಂತ ಜನ ಅನ್ನೋದು... ಅದಕ್ಕಿಂತ ಹಗ್ಗ ಕೈಕೊಡ್ತು ಅನ್ಲಿ ಅಂತ."

"ಎಡಿವಾನ್?"

"ಅವನು ಚೀಲದ ಹತ್ರ ನಿಂತಿದ್ದ ಅಂತ ಯಾರೋ ಅಂದ್ರು. ನಾನೂ ಹೂಂ ಅಂದೆ. ಅವನಿಗೇನು, ಚಿಕ್ಕ ವಯಸ್ಸು. ಊರಿಗೆ ಹೋಗಿ ಏನಾದ್ರೂ ಮಾಡ್ಕೋತಾನೆ."

ಥೂ! ಮೂವತ್ತಾರು ವರ್ಷದ ಗಂಡಸು (ಈ ಆಟದಲ್ಲಿ ಅದೇ ಮುದಿತನ), ಸೊಂಟದ ಮೇಲೆ ಗೆದ್ದು ತಂದ ತಟ್ಟೆಯಷ್ಟಗಲ ಬೆಳ್ಳಿ ಬಿಲ್ಲೆ, ಒಳಗೆ ಇಷ್ಟೇ ಧೈರ್ಯ. ಗೂಳಿಗೆ ಹೆದರದವನು ನಾಲ್ಕು ಜನರ ನಾಲಿಗೆಗೆ ಹೆದರಿ ಇನ್ನೊಬ್ಬನ ಹೊಟ್ಟೆಯ ಮೇಲೆ ಹೊಡೆದ.

"ಹಗ್ಗ ಹರೀತಲ್ಲ, ಅದೇ ಸಾಕು," ಎಂದ ಅವನು. "ನನ್ ಕೈ ಬಿಡ್ಲಿಲ್ಲ. ಅದೊಂದು ನಿಜ."

ನೇಡೀನ್ ಫೋನು ಅವನ ಮುಖದ ಮುಂದೆ ಹಿಡಿದಳು. ನಾನೂ ಬಗ್ಗಿ ನೋಡಿದೆ. ಎರಡನೇ ಸೆಕೆಂಡಿಗೆ ಅವನ ಬೆರಳುಗಳು ಬಿಚ್ಚಿಕೊಂಡವು. ಬಿದ್ದ. ಹಿಡಿತ ತಪ್ಪಿದ್ದೇ ಸಡಿಲಗೊಂಡು ಅವನ ಪಕ್ಕದಲ್ಲೇ ಹಗ್ಗವೂ ಬಿತ್ತು, ಇಡಿಯಾಗಿ. 'ಹಗ್ಗ ಕೊಯ್ದಿದ್ದಾರೆ' ಎಂಬ ಕೂಗು ಕೇಳಿಸಿತು. ಆಮೇಲೆ ಗೂಳಿ ಅದರ ಒಂದು ತುದಿಯನ್ನು ತುಳಿಯಿತು, ಇನ್ನೊಂದು ತುದಿ ಕೊಂಬಿಗೆ ಸಿಕ್ಕಿತು, ತಲೆ ಎತ್ತಿತು. ಆಗ ಹರಿಯಿತು.

"ಅರ್ಧ ಕೊಯ್ದ ಹಗ್ಗವೇ ನಿನಗಿಂತ ಹೆಚ್ಚು ಹೊತ್ತು ತಡ್ಕೊಂಡಿತ್ತು ಕಣೋ," ಎಂದಳು ನೇಡೀನ್.

ಅವನು ಮತ್ತೊಮ್ಮೆ ಹಾಕಿ ಎಂದ. ಅವಳು ಹಾಕಲಿಲ್ಲ. ಅಧ್ಯಕ್ಷನನ್ನು ಕರೆತರಲು ಹೋದಳು.

ಆರು ಗಂಟೆಗೆ ಹತ್ತು ನಿಮಿಷವಿರುವಾಗ ಧ್ವನಿವರ್ಧಕದಲ್ಲಿ ಎಡಿವಾನ್‌ನ ಹೆಸರು ಕೂಗಿದರು. ಬೈದ ಜನವೇ ಚಪ್ಪಾಳೆ ತಟ್ಟಿತು. ಅವನು ಓಡುತ್ತ ಬಂದು ಮಣಿಕಟ್ಟು ಚಾಚಿದ. ಪಟ್ಟಿ ಸುತ್ತುವಾಗ ಅವನ ಕೊನೆಯ ಎರಡು ಬೆರಳು ಹಿಸುಕಿದೆ. ಅವನು ಕಣ್ಣು ಕೂಡ ಮಿಟುಕಿಸಲಿಲ್ಲ.

"ಇವೆರಡಕ್ಕೆ ಯಾವಾಗಿಂದ ಜೋಮು?"

"ಹೋದ ತಿಂಗಳಿಂದ. ಏನಿಲ್ಲ ಡಾಕ್ಟ್ರೇ, ಸರಿಹೋಗುತ್ತೆ. ಬೇಗ ಸುತ್ತಿ," ಎಂದ.

ನಾನು ಬೇಗ ಸುತ್ತಿದೆ.