ಕೊನೆಯ ಎಳೆ ಕೂಡುವವರೆಗೆ

"ಅಮ್ಮಾ... ನಿನ್ನ ಹಣೆ ಯಾಕೆ ಬರಿದಾಗೈತೆ?"

ಹೊಸ್ತಿಲ ಮೇಲೆ ನಿಂತ ಮೇಜರ್ ಓಬಳೇಶನ ಬಾಯಿಂದ ಬಂದದ್ದು ಇಷ್ಟೇ. 1999ರ ಶ್ರಾವಣ. ಕಾರ್ಗಿಲ್ ಗುಡ್ಡಗಳ ಕೆಳಗಿನ ಸೇನಾ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ರಜೆ ಸಿಕ್ಕ ಕೂಡಲೇ ಮೊಳಕಾಲ್ಮೂರಿಗೆ ಓಡಿ ಬಂದಿದ್ದ. ಎದುರಿಗೆ ಕುಂಕುಮವಿಲ್ಲದ, ಬಳೆಯಿಲ್ಲದ ತಾಯಿ ಎರ್ರಮ್ಮ.

"ನಾಯನ ಎಲ್ಲಮ್ಮಾ? ಸೀರೆ ಕೊಡೋಕೆ ರಾಂಪುರಕ್ಕೆ ಹೋಗವ್ರೆ ಅಂತಿದ್ಯಲ್ಲ ಫೋನ್ ಮಾಡ್ದಾಗೆಲ್ಲ!" ಅಪ್ಪನನ್ನು ಅವನು ನಾಯನ ಎಂದೇ ಕರೆಯುತ್ತಿದ್ದ.

ಉತ್ತರ ಕೊಟ್ಟವಳು ಅವನ ಸೋದರತ್ತೆ ಪಾತಮ್ಮ. ತನ್ನ ಮಗಳನ್ನು ಈ ಡಾಕ್ಟರಿಗೆ ತಂದುಕೊಳ್ಳಲಿಲ್ಲವೆಂಬ ಸಿಟ್ಟನ್ನು ಹತ್ತು ವರ್ಷದಿಂದ ಜೋಪಾನವಾಗಿ ಇಟ್ಟುಕೊಂಡಿದ್ದ ಹೆಂಗಸು. ಇಂಥ ಗಳಿಗೆಯನ್ನು ಬಿಟ್ಟಾಳೆಯೇ!

"ಹೋಗವ್ನೆ ಕಣಪ್ಪಾ, ತಿರುಗಿ ಬರದ ಊರಿಗೆ! ಎರಡು ತಿಂಗ್ಳಾತು. ಮಗ ಇದ್ದೂ ಬ್ಯಾರೆಯವರ ಕೈಲಿ ಮಣ್ಣು ಹಾಕಿಸ್ಕೊಂಡ ನಮ್ಮಣ್ಣ! ಹೊಟ್ಟೆ ಹಿಡ್ಕೊಂಡು ಒದ್ದಾಡ್ತಿದ್ದಾಗ್ಲೇ ನಿನ್ನ ಫೋನ್ ಬಂತು. ಈ ಪುಣ್ಯಾತ್ಗಿತ್ತಿ ಎಲ್ಲಾ ಚೆನ್ನಾಗೈತೆ ಅಂದ್ಲು. ಕೊಂದ್ಲು ಕಣೋ, ನಿಮ್ಮಮ್ಮನೇ ಕೊಂದ್ಲು!"

ಕೊಂದಳಂತೆ! ಆ ಕೇರಿಯಲ್ಲಿ ಹುಟ್ಟಿದವರಿಗೆ ಗೊತ್ತು, ಮಗ್ಗದ ಮನೆಯ ಕಟ್ಟಳೆ ಏನೆಂದು. ನೇದು ಮುಗಿದ ಹಾಸಿನ, ಅಂದರೆ ಮಗ್ಗದ ಉದ್ದೆಳೆಗಳ, ತುದಿಗೆ ಹೊಸ ರೇಷ್ಮೆ ಎಳೆಗಳನ್ನು ಕೂಡಿಸಲು ಕೂತವರ ಮುಂದೆ ಯಾರೂ ಕೆಟ್ಟ ಸುದ್ದಿ ತೆಗೆಯುವುದಿಲ್ಲ. ಸಾವಿರಾರು ಎಳೆ, ಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದಾಗಿ ಹೊಸೆಯಬೇಕು. ಕೈ ನಡುಗಿದರೆ ಹಾಸೇ ಹಾಳು. ಕೊನೆಯ ಎಳೆ ಕೂಡಿಸಿ ಎದ್ದ ಮೇಲೆಯೇ ಹೇಳಬೇಕು, ಏನಿದ್ದರೂ. ಓಬಳೇಶನೂ ಎಂಟರ ವಯಸ್ಸಿಗೇ ಅಮ್ಮನ ಪಕ್ಕ ಕೂತು ಎಳೆ ಹೊಸೆದವನು. ಬಳ್ಳಾರಿಯಲ್ಲಿ ವೈದ್ಯಕೀಯ ಓದುವಾಗ ಅವನ ಹೊಲಿಗೆ ನೋಡಿ ಪ್ರೊಫೆಸರರೇ ಬೆರಗಾಗಿದ್ದರಂತೆ. ಆ ಬೆರಳುಗಳೇ ಅವನನ್ನು ಸೈನ್ಯದ ಶಸ್ತ್ರವೈದ್ಯನನ್ನಾಗಿ ಮಾಡಿದ್ದವು.

ಜೂನ್ ತಿಂಗಳ ಆ ಭಾನುವಾರ ಪಕ್ಕದ ಮನೆ ಏಕಾಂತಪ್ಪನವರ ಫೋನು ಬಡಿದುಕೊಂಡಾಗ, ಚಾಪೆಯ ಮೇಲೆ ಮುದುಡಿ ಮಲಗಿದ್ದ ಓಬಳೇಶನ ಅಪ್ಪ ತಿಪ್ಪೇರುದ್ರಪ್ಪನೇ ಹೆಂಡತಿಯ ಕೈ ಹಿಡಿದು ಹೇಳಿದ್ದ: "ಹೇಳ್ಬ್ಯಾಡ ಕಣೆ. ಅಲ್ಲಿ ಹುಡುಗ್ರ ಜೀವ ಅವನ ಕೈಯಾಗೈತೆ. ಅವನ ಕೈ ನಡುಗಬಾರ್ದು." ಆಕೆ ಹೇಳಲಿಲ್ಲ. ಗಂಡ ಸತ್ತ ಮೇಲೂ ಕೇರಿಯವರ ಕಾಲಿಗೆ ಬಿದ್ದು ಬೇಡಿಕೊಂಡಳು, ಯಾರೂ ಅವನಿಗೆ ಬರೆಯಬೇಡಿ ಎಂದು. ನೀವೇ ಹೇಳಿ, ಆ ತಾಯಿಯ ತಪ್ಪೇನು?

ಓಬಳೇಶ ಜಗಲಿಯ ಮೇಲೆ ಕೂತ. ಮೆಲ್ಲಗೆ ಕೇಳಿದ.

"ನೋವು ಎಲ್ಲಿತ್ತಮ್ಮ?"

"ಮೊದ್ಲು ಹೊಕ್ಕಳ ಹತ್ರ ಅಂದ್ರು. ಆಮೇಲೆ ಬಲಕ್ಕೆ, ಕೆಳಗೆ..."

"ವಾಂತಿ?"

"ಆಯ್ತಪ್ಪ. ಜ್ವರಾನೂ ಬಂತು. ನೀನು ಫೋನ್ ಮಾಡಿದ ಸಂಜೆ ನೋವು ನಿಂತೇಹೋತು. ವಾಸಿ ಆತು ಅಂತ ಎರಡು ತುತ್ತು ಮಜ್ಜಿಗೆ ಅನ್ನ ಉಂಡ್ರು. ಮಾರನೇ ದಿನ ಹೊಟ್ಟೆಯೆಲ್ಲಾ ಬಿಗಿದು... ಬಳ್ಳಾರಿಗೆ ಒಯ್ಯೋವಾಗ ರಾಂಪುರ ದಾಟಿದ್ದಷ್ಟೇ..."

ಅಯ್ಯೋ! ನೋವು ನಿಂತಿದ್ದು ವಾಸಿಯಾಗಿ ಅಲ್ಲ, ಒಳಗೆ ಕರುಳಬಾಲ, ಅಂದರೆ ಅಪೆಂಡಿಕ್ಸ್, ಒಡೆದು. ವಾರಕ್ಕೆ ಎರಡು ಮೂರು ಸಲ ಅವನು ಅರ್ಧ ಗಂಟೆಯಲ್ಲಿ ಮಾಡಿ ಮುಗಿಸುವ ಆಪರೇಷನ್ನು ಅದು. ಫೋನಿನಲ್ಲಿ ಒಂದೇ ಮಾತು ಕಿವಿಗೆ ಬಿದ್ದಿದ್ದರೆ, ಈಗಲೇ ಬಳ್ಳಾರಿಗೆ ಒಯ್ಯಿರಿ ಎಂದು ಕಿರುಚುತ್ತಿದ್ದ.

ಎರ್ರಮ್ಮ ಮಗನ ಮೊಣಕಾಲು ಹಿಡಿದಳು. "ನಿಜ ಹೇಳು ಮಗಾ. ನಾನು ಹೇಳಿದ್ದಿದ್ರೆ ಅವ್ರು ಉಳೀತಿದ್ರಾ?"

"ಇಲ್ಲಮ್ಮ," ಅಂದ ಓಬಳೇಶ. ಕೇಳಿದ ತಕ್ಷಣ ಅಂದುಬಿಟ್ಟ. "ಯಾರ ಕೈಲೂ ಆಗ್ತಿರ್ಲಿಲ್ಲ. ಅತ್ತೆ, ಇನ್ನೊಂದು ಸಲ ಆ ಮಾತು ಆಡಬ್ಯಾಡಿ."

ಪಾತಮ್ಮ ಸೆರಗು ಕೊಡವಿ ಹೊರಟುಹೋದಳು. ಎರ್ರಮ್ಮ ಕಣ್ಣೊರೆಸಿಕೊಂಡು ಮಗನಿಗೆ ಊಟಕ್ಕಿಟ್ಟಳು.

ಹದಿನೈದು ದಿನ ಅವನು ಮನೆಯಲ್ಲಿದ್ದ. ಒಂದು ಹನಿ ಕಣ್ಣೀರು ಹಾಕಲಿಲ್ಲ. ತಾಯಿ ನೋಡುತ್ತಲೇ ಇದ್ದಳು.

ಹೊರಡುವ ಬೆಳಿಗ್ಗೆ ಚಳ್ಳಕೆರೆ ಬಸ್ಸಿಗೆ ಕಾಯುತ್ತಿದ್ದಾಗ ಆಕೆ ಮಗನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಮಗಾ, ಇನ್ಮ್ಯಾಲೆ ನಾನು ನಿನಗೆ ಸುಳ್ಳು ಹೇಳಲ್ಲ. ನೀನೂ ನನಗೆ ಹೇಳ್ಬ್ಯಾಡ."

ಓಬಳೇಶ ತಾಯಿಯ ಮುಖ ನೋಡಿದ. ಸಾಲುಸಾಲು ಗಾಯಾಳುಗಳ ನಡುವೆ ಅಲುಗದ ಆ ಕೈ, ತಾಯಿಯ ಕೈಯೊಳಗೆ ಗಡಗಡ ನಡುಗತೊಡಗಿತು.

"ಉಳೀತಿದ್ರಮ್ಮಾ... ನಾಯನ ಉಳೀತಿದ್ರು..."

ಬಸ್‌ಸ್ಟ್ಯಾಂಡಿನ ಜನರೆಲ್ಲ ನೋಡುತ್ತಿರುವಂತೆಯೇ ಮೇಜರ್ ಸಾಹೇಬ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ. ಎರ್ರಮ್ಮ ಅವನ ತಲೆಯನ್ನು ಹೆಗಲಿಗೆ ಒತ್ತಿಕೊಂಡಳು.

"ಗೊತ್ತು ಕಣಪ್ಪ. ನೀನು ಇಲ್ಲ ಅಂದಾಗ್ಲೇ ಗೊತ್ತಾತು. ಅಳು... ಬಸ್ಸು ಬರೋಕೆ ಇನ್ನಾ ಹೊತ್ತೈತೆ."